ದುಆ ಹತ್ತು ಜನರಿಗೆ ಕಳಿಸದಿದ್ದರೆ ಕೇಡಾಗುತ್ತದೆಯೇ?

ಕಷ್ಟದ ಹೊತ್ತಿನಲ್ಲಿ ಫೋನಿಗೊಂದು ದುಆ, ಅಂದರೆ ಅಲ್ಲಾಹನಲ್ಲಿ ಮಾಡುವ ಪ್ರಾರ್ಥನೆ, ಬರುತ್ತದೆ. ಓದಿದರೆ ಮನಸ್ಸು ಹಗುರಾಗುತ್ತದೆ. ಕೊನೆಗೆ ಮಾತ್ರ ಒಂದು ಸಾಲು: ಇದನ್ನು ಹತ್ತು ಜನರಿಗೆ ಕಳಿಸಿದರೆ ಶುಭ ಸುದ್ದಿ, ಕಳಿಸದಿದ್ದರೆ ಕೇಡು.

ಈ ಷರತ್ತು ಕುರ್‌ಆನ್‌ನಲ್ಲೂ ಇಲ್ಲ, ನಂಬಲರ್ಹ ಹದೀಸ್‌ಗಳಲ್ಲೂ (ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿಗಳು) ಇಲ್ಲ. ಕರೆದವರ ಹತ್ತಿರವೇ ಇದ್ದೇನೆ, ಅವರ ಕರೆಗೆ ಓಗೊಡುತ್ತೇನೆ ಎಂದು ಅಲ್ಲಾಹನು ಹೇಳುವ ಮಾತು 2ನೇ ಅಧ್ಯಾಯದ 186ನೇ ವಚನದಲ್ಲಿದೆ. ಮಧ್ಯೆ ಹತ್ತು ಜನ ಯಾಕೆ ಬೇಕು, ಅಲ್ವಾ?

ಗೊಂದಲವಾಗುವುದಕ್ಕೆ ಕಾರಣವಿದೆ. ಎಷ್ಟೋ ಸಲ ಮೇಲಿನ ದುಆ ನಿಜವಾದದ್ದೇ ಆಗಿರುತ್ತದೆ. ಮೀನಿನ ಹೊಟ್ಟೆಯ ಕತ್ತಲಲ್ಲಿ ಪ್ರವಾದಿ ಯೂನುಸ್ ಮಾಡಿದ ಪ್ರಾರ್ಥನೆ 21:87ರಲ್ಲಿದೆ, ಅಂದರೆ 21ನೇ ಅಧ್ಯಾಯದ 87ನೇ ವಚನದಲ್ಲಿ. ಅದಕ್ಕೂ ಸ್ವಲ್ಪ ಮೊದಲು, 21:83ರಲ್ಲಿ, ಪ್ರವಾದಿ ಅಯ್ಯೂಬರ ಮೊರೆ ಇದೆ. ನನಗೆ ಕಷ್ಟ ತಟ್ಟಿದೆ, ನೀನು ಕರುಣಾಮಯಿ, ಅಷ್ಟೇ ಅದರ ಸಾರ. ಏನು ಬೇಕೆಂದು ಕೂಡ ಹೇಳಿಲ್ಲ. ನನಗೆ ತುಂಬ ಇಷ್ಟವಾದದ್ದು ಇದು. ಇಂಥ ಮಾತಿಗೆ ಯಾರೋ ಸುಮ್ನೆ ಬಾಲ ಅಂಟಿಸಿದ್ದಾರೆ. ಕಳಿಸುವವರು ಪ್ರೀತಿಯಿಂದಲೇ ಕಳಿಸುತ್ತಾರೆ, ಜೊತೆಗೆ ಒಂದಿಷ್ಟು ಭಯ.

ಪರೀಕ್ಷಿಸುವುದು ಸುಲಭ. ಮೊದಲು ಅಧ್ಯಾಯ, ವಚನದ ಸಂಖ್ಯೆ ನೋಡಿ. ಕುರ್‌ಆನ್‌ನಲ್ಲಿರುವುದು 114 ಅಧ್ಯಾಯ. ಅತಿ ಉದ್ದದ 2ನೆಯದರಲ್ಲೇ 286 ವಚನ. ಅದಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಅಲ್ಲೇ ತಪ್ಪು. ಸಂಖ್ಯೆ ಸರಿಯಿದ್ದರೆ ಅನುವಾದ ತೆರೆದು ಓದಿ. ಹದೀಸ್ ಆದರೆ ಯಾವ ಸಂಗ್ರಹ, ಎಷ್ಟನೆಯದು, ಸಹೀಹೋ ಝಈಫೋ ಎಂದು ಕೇಳಿ. ಸಹೀಹ್ ಎಂದರೆ ದೃಢವಾದದ್ದು, ಝಈಫ್ ಎಂದರೆ ದುರ್ಬಲ. ಗೊತ್ತಾಗದಿದ್ದರೆ ತಿಳಿದ ಉಲಮಾ, ಅಂದರೆ ಧರ್ಮ ವಿದ್ವಾಂಸರು, ಇದ್ದಾರೆ.

ದುಆ ಹಂಚಿಕೊಳ್ಳಬೇಕು ಅನಿಸಿದರೆ ಖಂಡಿತ ಹಂಚಿ. ಆ ಕೊನೆಯ ಸಾಲನ್ನು ಅಳಿಸಿದರೆ ಸಾಕು.