ಕಾರಿನ ಆಯಿಲ್ ಬೈಕಿಗೂ ಆಗುತ್ತೆ ಅನ್ನೋದು ತಪ್ಪು

'ಎಂಜಿನ್ ಆಯಿಲ್ ಎಲ್ಲಾ ಒಂದೇ, ಗ್ರೇಡ್ ಸರಿಯಿದ್ದರೆ ಕಾರಿಂದು ಬೈಕಿಗೂ ಹಾಕಬಹುದು' ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಹೊಸದಾಗಿ ಬೈಕ್ ತಗೊಂಡವರು ದಯವಿಟ್ಟು ಇದನ್ನು ನಂಬಬೇಡಿ.

ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಬೇರೆ ಬೇರೆ ಆಯಿಲ್. ಗೇರ್ ಇರುವ ನಮ್ಮ ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಪ್ಲೇಟು ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಹಲವು ಆಯಿಲ್‌ಗಳಲ್ಲಿ ಮೈಲೇಜ್ ಜಾಸ್ತಿ ಬರಲಿ ಅಂತ ಜಾರಿಕೆ ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ, ಅದರಿಂದ ಕ್ಲಚ್ ಹಿಡಿಯದೆ ಜಾರಬಹುದು, ಆಗ ಎಂಜಿನ್ ಕೂಗುತ್ತೆ ಗಾಡಿ ಮಾತ್ರ ಎಳೆಯಲ್ಲ. ಘಾಟಿ ಹತ್ತುವಾಗ ಹೀಗಾದರೆ ಕಷ್ಟ ಅಲ್ವಾ?

ಡಬ್ಬದ ಮೇಲಿನ 10ಡಬ್ಲ್ಯೂ-30 ಅನ್ನೋ ಗ್ರೇಡ್ ಬರೀ ಆಯಿಲ್ ದಪ್ಪದ ಲೆಕ್ಕ. ಡಬ್ಬದ ಹಿಂದೆ ಜಾಸೋ (ಜಪಾನಿನ ವಾಹನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಇದೆಯಾ ನೋಡಿ, ಅದು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ ಹೊಂದುವ ಆಯಿಲ್ ಅಂತ. ಗೇರಿಲ್ಲದ ಸ್ಕೂಟರಿಗೆ ಸಾಮಾನ್ಯವಾಗಿ ಜಾರಿಕೆ ಜಾಸ್ತಿ ಇರುವ ಜಾಸೋ ಎಂಬಿ ಆಯಿಲ್, ಅದನ್ನೂ ಬೈಕಿಗೆ ಹಾಕಬೇಡಿ.