ಪೇಟೆ ಬಿದ್ದ ಮೇಲಿನ ಭಾಷ್ಯಕಾರರು

ನೌಕರಿ ಅಂದರೆ ಲಂಡನ್ ಷೇರುಪೇಟೆಯ ವಿಶ್ಲೇಷಕರದು. ಬ್ರೆಕ್ಸಿಟ್‌ನ, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬೀಳಲು ಹೆಣಗಿದ, ಮೂರೂವರೆ ವರ್ಷ ಅವರ ಪಾಲಿಗೆ ಸುಗ್ಗಿಯೋ ಸುಗ್ಗಿ. ಬೆಳಿಗ್ಗೆ ಏನಾಗುತ್ತದೆಂದು ಹೇಳುವ ಹೊಣೆಯಿಲ್ಲ. ಸಂಜೆ ಏಕಾಯಿತೆಂದು ಹೇಳಿದರೆ ಸಾಕು, ಟೈ ಕಟ್ಟಿಕೊಂಡು ಹೇಳಬೇಕು ಅಷ್ಟೆ.

ಒಕ್ಕೂಟದಲ್ಲಿ ಉಳಿಯಬೇಕೋ ಹೊರಡಬೇಕೋ ಎಂದು ಜನಮತ ಕೇಳಿದ 2016ರ ಜೂನ್ 23ರ ರಾತ್ರಿ ಪೌಂಡು ಒಂದೂವರೆ ಡಾಲರಿನ ಎತ್ತರದಲ್ಲಿತ್ತು. ಉಳಿಯುವವರೇ ಗೆಲ್ಲುತ್ತಾರೆಂದು ಪೇಟೆ ತೀರ್ಮಾನಿಸಿಬಿಟ್ಟಿತ್ತು. ಮತದಾರರಿಗೆ ಈ ತೀರ್ಮಾನ ತಲುಪಿರಲಿಲ್ಲ. ಶೇ 51.9ರಷ್ಟು ಮಂದಿ ಹೊರಡೋಣ ಎಂದರು. ಬೆಳಗಾಗುವಷ್ಟರಲ್ಲಿ ಪೌಂಡು 1985ರ ಮಟ್ಟಕ್ಕೆ ಕುಸಿದಿತ್ತು. ಇತ್ತ ಮುಂಬೈಯಲ್ಲಿ ಸೆನ್ಸೆಕ್ಸ್ 605 ಅಂಶ ಕಳೆದುಕೊಂಡಿತು. ಇಂಗ್ಲೆಂಡಿನಲ್ಲಿ ಜಾಗ್ವಾರ್ ಕಾರು ತಯಾರಿಸುವ ತಪ್ಪಿಗೆ ಟಾಟಾ ಮೋಟಾರ್ಸ್ ಷೇರಿಗೂ ಪೆಟ್ಟು ಬಿತ್ತು.

ಮಜಾ ಇರುವುದು ಮುಂದಿನ ವಾರದಲ್ಲಿ. ಲಂಡನ್ನಿನ ಎಫ್‌ಟಿಎಸ್‌ಇ 100 ಸೂಚ್ಯಂಕ ಬಿದ್ದಷ್ಟೂ ಎದ್ದು, ಮತದಾನದ ದಿನಕ್ಕಿಂತ ಮೇಲೆ ಹೋಗಿ ಕುಳಿತಿತು. ಅದರಲ್ಲಿರುವ ದೊಡ್ಡ ಕಂಪನಿಗಳ ಸಂಪಾದನೆ ಬಹುಪಾಲು ಹೊರದೇಶದ್ದು. ಪೌಂಡು ಸೊರಗಿದರೆ ಅದೇ ಡಾಲರಿಗೆ ಹೆಚ್ಚು ಪೌಂಡು ಸಿಗುತ್ತದೆ. ಹಾಗಾಗಿ ನಾಡಿನ ನಾಣ್ಯ ನೆಲ ಹಿಡಿದಷ್ಟೂ ನಾಡಿನ ಸೂಚ್ಯಂಕ ಮೀಸೆ ತಿರುವಿತು. ಬ್ರೆಕ್ಸಿಟ್ ಪರ ಮುಖಂಡರು ಆ ಮೀಸೆಯನ್ನು ತೋರಿಸಿ ‘ನೋಡಿ, ಏನೂ ಆಗಿಲ್ಲ’ ಎಂದರು. ಸ್ವದೇಶದ ಗಿರಾಕಿಗಳನ್ನೇ ನಂಬಿಕೊಂಡ ಕಂಪನಿಗಳು ಹೆಚ್ಚಿರುವ ಎಫ್‌ಟಿಎಸ್‌ಇ 250 ಮೊದಲ ದಿನವೇ ಶೇ 7ರಷ್ಟು ಬಿದ್ದದ್ದನ್ನು ತೋರಿಸುವ ಉಮೇದು ಅವರಿಗೆ ಇರಲಿಲ್ಲ.

ಬೆಂಗಳೂರಿಗೂ ಒಂದು ಪಾಲು ಬಂತು. ಆಗಸ್ಟ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕು ಪ್ರತ್ಯೇಕ ಬ್ಯಾಂಕು ತೆರೆಯುವ ಯೋಜನೆ ಕೈಬಿಟ್ಟಿತು. ಆ ಕೆಲಸದಲ್ಲಿದ್ದ ಸುಮಾರು 3,000 ಜನರನ್ನು ಇನ್ಫೋಸಿಸ್ ಬೇರೆಡೆ ಹೊಂದಿಸಬೇಕಾಯಿತು, ಷೇರು ಇಳಿಯಿತು. ಯೋಜನೆ ಮತದಾನಕ್ಕೂ ಮುಂಚೆಯೇ ಕುಂಟುತ್ತಿತ್ತು ಅನ್ನಿ. ಆದರೆ ಬ್ರೆಕ್ಸಿಟ್‌ನಂಥ ಒಳ್ಳೆಯ ಕಾರಣ ಬೀದಿಯಲ್ಲೇ ಬಿದ್ದಿರುವಾಗ ಇನ್ನೊಂದನ್ನು ಹುಡುಕುವವರು ಯಾರು?

ನಂತರ ಮಾತುಕತೆಯ ಪರ್ವ. 2018ರ ನವೆಂಬರ್‌ನಲ್ಲಿ ಪ್ರಧಾನಿ ಥೆರೆಸಾ ಮೇ ಒಕ್ಕೂಟದಿಂದ ಹೊರಬೀಳುವ 585 ಪುಟಗಳ ಕರಡು ಒಪ್ಪಂದ ತಂದರು. ಮರುದಿನ ಬೆಳಿಗ್ಗೆ ಅದನ್ನು ವಿರೋಧಿಸಿ ಡೊಮಿನಿಕ್ ರಾಬ್ ರಾಜೀನಾಮೆ ಕೊಟ್ಟರು. ಅವರು ಯಾರು ಅಂದಿರಿ? ಬ್ರೆಕ್ಸಿಟ್ ಖಾತೆಯ ಮಂತ್ರಿ. ಬ್ರಿಟನ್ನಿನ ವ್ಯಾಪಾರ ಡೋವರ್ ಬಂದರನ್ನು ಎಷ್ಟು ನೆಚ್ಚಿಕೊಂಡಿದೆ ಎಂಬುದು ತಮಗೆ ಪೂರ್ತಿ ಗೊತ್ತಿರಲಿಲ್ಲವೆಂದು ಅದೇ ತಿಂಗಳು ಒಪ್ಪಿಕೊಂಡಿದ್ದ ಪ್ರಾಮಾಣಿಕರು. ಅವರು ಎದ್ದು ಹೋದ ದಿನ ಆರ್‌ಬಿಎಸ್ ಷೇರು ಶೇ 10ರ ಆಸುಪಾಸು ಕುಸಿಯಿತು. ಮನೆ ಕಟ್ಟುವ ಪರ್ಸಿಮನ್ ಕಂಪನಿಯದೂ ಅದೇ ಪಾಡು. ಆ ದಿನ ಅವರ ಗಾರೆಯವರು ಒಂದು ಇಟ್ಟಿಗೆಯನ್ನೂ ಕಡಿಮೆ ಇಟ್ಟಿರಲಿಕ್ಕಿಲ್ಲ.

ಸರಿ, ಕೆಟ್ಟ ಸುದ್ದಿಗೆ ಬೀಳುತ್ತದೆ ಎಂದುಕೊಂಡಿರಾ? 2019ರ ಜನವರಿ 15ರಂದು ಅದೇ ಒಪ್ಪಂದ ಸಂಸತ್ತಿನಲ್ಲಿ 432–202 ಮತಗಳಿಂದ ಬಿತ್ತು. ಆಧುನಿಕ ಕಾಲದಲ್ಲಿ ಅಲ್ಲಿನ ಯಾವ ಸರ್ಕಾರವೂ ಅಷ್ಟು ಹೀನಾಯವಾಗಿ ಸೋತಿರಲಿಲ್ಲ. ಪೌಂಡು ಏರಿತು! ಸೋಲು ಇಷ್ಟು ದೊಡ್ಡದಾದ್ದರಿಂದ ಹೊರಡುವುದೇ ಮುಂದಕ್ಕೆ ಹೋದೀತು, ಹಾಗಾಗಿ ಇದು ಶುಭ ಎಂದು ಭಾಷ್ಯ ಹೊರಟಿತು. ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮಲ್ಲೂ ಇದ್ದಾರೆ. ಇವರು ಕರುವಿನ ಹಾಲಿನ ಲೆಕ್ಕವನ್ನೂ ಕೊಟ್ಟರು.

ಸಂಸತ್ತಿನವರಾದರೂ ದಾರಿ ತೋರಿಸಿದರೇ? ಮಾರ್ಚ್ 27ರಂದು ಎಂಟು ಮಾರ್ಗಗಳನ್ನು ಮತಕ್ಕೆ ಹಾಕಿ ಎಂಟನ್ನೂ ತಿರಸ್ಕರಿಸಿದರು. ಏಪ್ರಿಲ್ 1ರಂದು (ದಿನ ಆರಿಸಿದವರಿಗೆ ನಮಸ್ಕಾರ) ನಾಲ್ಕನ್ನು ಹಾಕಿ ನಾಲ್ಕನ್ನೂ ತಿರಸ್ಕರಿಸಿದರು. ಹೊರಡುವ ಗಡುವು ಮಾರ್ಚ್‌ನಿಂದ ಏಪ್ರಿಲ್‌ಗೆ, ಅಲ್ಲಿಂದ ಅಕ್ಟೋಬರ್‌ಗೆ, ಅಲ್ಲಿಂದ ಜನವರಿಗೆ ಜರುಗಿತು. ಹೊರಡುವ ದಿನದ ನೆನಪಿಗೆಂದು ಅಕ್ಟೋಬರ್ 31 ಎಂದು ಅಚ್ಚೊತ್ತಿದ್ದ ನಾಣ್ಯಗಳನ್ನು ಟಂಕಸಾಲೆ ಕರಗಿಸಬೇಕಾಯಿತು. ಪೌಂಡು ಕರಗುವುದನ್ನು ಕಣ್ಣಾರೆ ಕಂಡವರು ಅವರೊಬ್ಬರೇ.

ಈ ನಡುವೆ ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಐರ್ಲೆಂಡಿನ ಪ್ರಧಾನಿ ವರಾಡ್ಕರ್ ಜೊತೆ ಮಾತಾಡಿ, ‘ಒಪ್ಪಂದವಾಗಬಹುದಾದ ಒಂದು ಹಾದಿ’ ಕಾಣುತ್ತಿದೆ ಎಂದರು. ಒಪ್ಪಂದವಲ್ಲ, ಹಾದಿ. ಅದೂ ಕಾಣುತ್ತಿದೆ, ಅಷ್ಟೆ. ಮರುದಿನ ಲಾಯ್ಡ್ಸ್, ಆರ್‌ಬಿಎಸ್ ಬ್ಯಾಂಕುಗಳ ಷೇರುಗಳು ಶೇ 10ಕ್ಕೂ ಮಿಕ್ಕಿ ಜಿಗಿದವು.

ಕೊನೆಗೂ 2020ರ ಜನವರಿ 31ರಂದು ಬ್ರಿಟನ್ ಹೊರಬಿತ್ತು. ಆ ದಿನ ಎಫ್‌ಟಿಎಸ್‌ಇ 100 ಶೇ 1.3ರಷ್ಟು ಇಳಿಯಿತು. ಕಾರಣ ಕೇಳಿದರೆ, ಚೀನಾದ ಕೊರೊನಾ ಸೋಂಕಿನ ಭಯವಂತೆ.