ಕೆಮ್ಮಿಲ್ಲದ ಗಂಟಲುನೋವು

ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರದ ಕಡೆಯ ಮನೆಗಳಲ್ಲಿ ಶುಂಠಿ, ಕಾಳುಮೆಣಸಿನ ಕಷಾಯ ಒಲೆಯಿಂದ ಇಳಿಯುವುದೇ ಇಲ್ಲ. ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಗಂಟಲುನೋವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ಅವು ವಾರದೊಳಗೆ ತಾವಾಗಿಯೇ ಹೋಗುತ್ತವೆ, ಕಷಾಯವೂ ಉಪ್ಪುನೀರೂ ಅಲ್ಲಿಯವರೆಗೆ ಹಿತವಾಗಿರುತ್ತವೆ. ನನ್ನ ತಕರಾರಿರುವುದು ಎಲ್ಲ ಗಂಟಲುನೋವೂ ಒಂದೇ ಎಂಬ ನಮ್ಮ ನಂಬಿಕೆಯ ಬಗ್ಗೆ.

ಮಕ್ಕಳ ಗಂಟಲುನೋವಿನಲ್ಲಿ ಸುಮಾರು ಶೇ. 20ರಿಂದ 30ರಷ್ಟಕ್ಕೆ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಕಾರಣ. 5ರಿಂದ 15 ವರ್ಷದವರಲ್ಲಿ ಇದು ಜಾಸ್ತಿ. ನಾವು ಹೆಚ್ಚು ಹೆದರುವ ಕೆಮ್ಮು, ಸುರಿಯುವ ಮೂಗು ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದ್ದಕ್ಕಿದ್ದಂತೆ ಏರಿದ ಜ್ವರ, ಉಗುಳು ನುಂಗಲೂ ಬಿಡದ ನೋವು, ಕೆಂಪಗೆ ಊದಿದ ಟಾನ್ಸಿಲ್ ಮೇಲೆ ಬಿಳಿ ಕಲೆ, ಕುತ್ತಿಗೆಯಲ್ಲಿ ಮುಟ್ಟಿದರೆ ನೋಯುವ ಗಂಟು ಕಂಡರೂ ‘ಶೀತವೇನೂ ಇಲ್ಲವಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಸಮಾಧಾನಕ್ಕಲ್ಲ, ವೈದ್ಯರಲ್ಲಿಗೆ ಹೋಗುವುದಕ್ಕೆ ಅದು ಕಾರಣವಾಗಬೇಕು.

ಸೋಂಕು ಕಿವಿಗೆ, ಸೈನಸ್‌ಗೆ ಹಬ್ಬಬಹುದು. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿ ಬಾಯಿ ತೆರೆಯಲಾಗದೆ, ಜೊಲ್ಲು ಸೋರಿ, ದನಿ ಬದಲಾದರೆ ಬೆಳಗಾಗುವವರೆಗೂ ಕಾಯುವಂತಿಲ್ಲ. ಇವು ಕಣ್ಣಿಗೆ ಕಾಣುವ ತೊಂದರೆಗಳು, ಹಾಗಾಗಿ ಜನ ಹೇಗೋ ಆಸ್ಪತ್ರೆ ಸೇರುತ್ತಾರೆ.

ಕಾಣದೆ ಬರುವುದು ರುಮ್ಯಾಟಿಕ್ ಜ್ವರ. ಗಂಟಲು ವಾಸಿಯಾಗಿ ಎರಡರಿಂದ ನಾಲ್ಕು ವಾರ ಕಳೆದ ಮೇಲೆ, ಆ ಬ್ಯಾಕ್ಟೀರಿಯಾದ ವಿರುದ್ಧ ಹೋರಾಡಲು ಸಜ್ಜಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಮೇಲೆ, ಹೃದಯದ ಮೇಲೆ ತಿರುಗಿ ಬೀಳುತ್ತದೆ. ಇಂದು ಮೊಣಕಾಲು, ನಾಳೆ ಪಾದದ ಗಂಟು ಎಂದು ನೋವು ಜಾಗ ಬದಲಿಸುತ್ತದೆ. ಆಟದಲ್ಲಿ ಬಿದ್ದಿರಬೇಕೆಂದು ನಾವು ಎಣ್ಣೆ ತಿಕ್ಕುತ್ತೇವೆ. ಕೆಲವು ಮಕ್ಕಳಿಗೆ ಕೈಕಾಲು ತಾವಾಗಿಯೇ ಅಲುಗಾಡಿ ಅಕ್ಷರ ಕೆಡುತ್ತದೆ, ಅದಕ್ಕೆ ಶಾಲೆಯಲ್ಲಿ ಬೈಗುಳವೂ ಸಿಗುತ್ತದೆ. ಕೀಲುಗಳು ಪೂರ್ತಿ ಸುಧಾರಿಸುತ್ತವೆ, ಹೃದಯದ ಕವಾಟ ಹಾಗಲ್ಲ. ಹೃದಯದ ಎಡಭಾಗದಲ್ಲಿರುವ ಮೈಟ್ರಲ್ ಕವಾಟ ವರ್ಷಗಟ್ಟಲೆ ಸದ್ದಿಲ್ಲದೆ ದಪ್ಪಗಾಗಿ ಕಿರಿದಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಬಸುರಿಯಾಗಿ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚಿ ಉಸಿರು ಕಟ್ಟಿದಾಗ. ಆಮೇಲೆ ಬಲೂನಿನಿಂದ ಕವಾಟ ಹಿಗ್ಗಿಸುವುದು, ಇಲ್ಲವೇ ಕವಾಟವನ್ನೇ ಬದಲಿಸುವುದು. ಅದಕ್ಕಾಗಿ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾದ ದಾರಿ. ಮತ್ತೆ ಸೋಂಕು ತಗಲದಂತೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಅದೂ ವರ್ಷಗಳ ಕಾಲ.

ಇಷ್ಟನ್ನೂ ತಡೆಯುವ ಔಷಧಿ ಹಳೆಯದು, ಅಗ್ಗದ್ದು. ಗಂಟಲುನೋವು ಶುರುವಾಗಿ 9 ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರ ಬಹುಮಟ್ಟಿಗೆ ತಪ್ಪುತ್ತದೆ. ಮಾತ್ರೆಯಾದರೆ 10 ದಿನ ಪೂರ್ತಿ ನುಂಗಬೇಕು. ನಾವು ಮಾಡುವುದು ತಿರುಗಾಮುರುಗಾ. ಸಾದಾ ಶೀತಕ್ಕೆ ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯೋಟಿಕ್ ತರುತ್ತೇವೆ, ನಿಜವಾಗಿ ಬೇಕಾದಾಗ ಮೂರನೆಯ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸುತ್ತೇವೆ.

ಇದೇ ಬ್ಯಾಕ್ಟೀರಿಯಾದ ಸೋಂಕಿನಿಂದ ಬರುವ ಮೂತ್ರಪಿಂಡದ ಊತದ ವಿಷಯ ಸ್ವಲ್ಪ ಬೇರೆ. ಗಂಟಲು ಸೋಂಕಿನ ನಂತರವೂ, ಮಳೆಗಾಲದ ಚರ್ಮದ ಹುಣ್ಣಿನ ನಂತರವೂ ಅದು ಬರಬಹುದು. ಔಷಧಿಯಿಂದ ಖಂಡಿತ ತಪ್ಪುತ್ತದೆನ್ನುವಂತಿಲ್ಲ. ಮುಖ ಊದಿ ಮೂತ್ರ ಕಪ್ಪು ಚಹಾದಂತಾದರೆ ತಡಮಾಡಬಾರದು. ಮಕ್ಕಳಲ್ಲಿ ಬಹುಪಾಲು ಜನ ಗುಣವಾಗುತ್ತಾರೆ.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ನಾವು ವರ್ಷಗಳಿಂದ ಕೇಳುತ್ತಿದ್ದೇವೆ, ಕೇಳುತ್ತಲೇ ಇರಬೇಕು. ಆದರೆ ಕವಾಟ ಕೆಡದಂತೆ ನೋಡಿಕೊಳ್ಳುವ ಕೆಲಸ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಟಾರ್ಚು ಹಿಡಿದು ಮಗುವಿನ ಬಾಯಿ ನೋಡುವಲ್ಲಿಯೇ ಶುರುವಾಗುತ್ತದೆ. ಮಗುವನ್ನು ಕೀಲುನೋವಿಗೆಂದು ಕರೆದೊಯ್ಯುವವರು ತಿಂಗಳ ಹಿಂದಿನ ಗಂಟಲುನೋವಿನ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು; ಅದು ಅವರಾಗಿ ಕೇಳದ ಹೊರತು ಹೊರಬರದ ಸಂಗತಿ.